ವೈಫೈ ತೋರಿಸುತ್ತೆ, ನೆಟ್ ಬರಲ್ಲ: ಕಂಪ್ಲೇಂಟ್ ಕೊಡೋ ಮುಂಚೆ ಮನೆಯಲ್ಲೇ ನೋಡಬೇಕಾದ್ದು

ಮಳೆಗಾಲ ಜೋರಾದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕರೆಂಟಿನ ಹಿಂದೆಯೇ ನೆಟ್ ಕೂಡ ಹೋಗುತ್ತದೆ. ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗದ ಹಳ್ಳಿಗಳಲ್ಲಿ ಮನೆಗೆ ಎಳೆದ ಫೈಬರ್ ಲೈನೇ ಎಲ್ಲದಕ್ಕೂ ಆಧಾರ. ವೈಫೈ ಕಾಲಿಂಗ್ ಆನ್ ಮಾಡಿಕೊಂಡವರಿಗೆ ಫೋನ್ ಮಾತೂ ಅದರ ಮೇಲೆಯೇ ನಿಂತಿದೆ. ಪೇಟೆಯಲ್ಲಾದರೆ ಜೆರಾಕ್ಸ್ ಅಂಗಡಿಯವರಿಗೆ ಪಹಣಿ ತೆಗೆಯೋಕಾಗಲ್ಲ, ಮೆಡಿಕಲ್ ಶಾಪಿನಲ್ಲಿ ಆನ್‌ಲೈನ್ ಬಿಲ್ಲಿಂಗ್ ನಿಲ್ಲುತ್ತೆ, ಗಿರಾಕಿ ಎದುರುಗಡೆ ಅಂಗಡಿಗೆ ಹೋಗ್ತಾರೆ. ಲೈನ್ ಹುಡುಗ ಬರೋಕೆ ಒಂದು ದಿನವೋ ಎರಡು ದಿನವೋ. ಅವನು ಬಂದು ಬರೀ ಸ್ವಿಚ್ ಆಫ್ ಮಾಡಿ ಆನ್ ಮಾಡಿ ಹೋದರೆ ಆ ಎರಡು ದಿನ ದಂಡ.

ಆದ್ದರಿಂದ ತೊಂದರೆ ಎಲ್ಲಿದೆ ಅಂತ ಮೊದಲು ಪತ್ತೆ ಮಾಡಬೇಕು. ಅದು ಇರೋದು ಮೂರು ಜಾಗದಲ್ಲಿ: ಫೋನ್‌ನಲ್ಲಿ, ಮನೆಯ ರೂಟರ್‌ನಲ್ಲಿ, ಇಲ್ಲಾ ಹೊರಗಿನ ಲೈನ್‌ನಲ್ಲಿ. ವೈಫೈ ಬೇರೆ, ಇಂಟರ್‌ನೆಟ್ ಬೇರೆ ಅನ್ನೋದನ್ನ ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ವೈಫೈ ಅಂದರೆ ಫೋನ್‌ನಿಂದ ರೂಟರ್‌ವರೆಗಿನ ದಾರಿ ಮಾತ್ರ. ರೂಟರ್‌ನಿಂದ ಆಚೆಗಿನದು ಕಂಪನಿಯ ಲೈನ್. ಫೋನ್‌ನಲ್ಲಿ ವೈಫೈ ಗುರುತು ಪೂರ್ತಿ ಇದ್ದು, ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಬಂದಿದ್ದರೆ ರೂಟರ್‌ವರೆಗೆ ದಾರಿ ಸರಿಯಿದೆ, ತೊಂದರೆ ಬಹುತೇಕ ಅಲ್ಲಿಂದ ಮುಂದಿದೆ. ವೈಫೈ ಹೆಸರೇ ಯಾವ ಫೋನ್‌ನಲ್ಲೂ ಕಾಣದಿದ್ದರೆ ರೂಟರ್ ಕಡೆ ನೋಡಿ. ಮನೆಯಲ್ಲಿ ಎಲ್ಲರ ಫೋನೂ ಓಡುತ್ತಿದ್ದು ಒಂದು ಮಾತ್ರ ಹಠ ಮಾಡುತ್ತಿದ್ದರೆ ತೊಂದರೆ ಆ ಫೋನ್‌ನದ್ದು.

ಫೋನ್‌ನದ್ದಾದರೆ ಸೆಟ್ಟಿಂಗ್ಸ್‌ನಲ್ಲಿ ಆ ವೈಫೈ ಹೆಸರನ್ನು ‘ಫರ್ಗೆಟ್’ ಕೊಟ್ಟು, ಪಾಸ್‌ವರ್ಡ್ ಮತ್ತೆ ಹಾಕಿ. ವಿಪಿಎನ್ ಆನ್ ಆಗಿದ್ದರೆ ಆಫ್ ಮಾಡಿ. ದಿನಾಂಕ, ಸಮಯ ಸರಿಯಿದೆಯಾ ನೋಡಿ. ತಾರೀಖು ತಪ್ಪಿದ್ದರೆ ಬ್ಯಾಂಕ್ ಆ್ಯಪ್ ಮತ್ತು ಹಲವು ವೆಬ್‌ಸೈಟ್ ತೆರೆಯೋದೇ ಇಲ್ಲ. ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಒಳಗಿನ ಸಣ್ಣ ಬ್ಯಾಟರಿ ಸೆಲ್ ಸತ್ತು ಪ್ರತಿದಿನ ತಾರೀಖು ಹಿಂದಕ್ಕೆ ಹೋಗೋದು ಮಾಮೂಲು. ನೆಟ್ ಹೋಗಿದೆ ಅಂತ ಬೈಸಿಕೊಳ್ಳೋದು ಮಾತ್ರ ಕೇಬಲ್ ಆಪರೇಟರ್.

ಇನ್ನು ರೀಚಾರ್ಜ್. ಹೇಳಿದರೆ ನಗು ಬರಬಹುದು, ಆದರೆ ಪೆಟ್ಟಿಗೆಯ ದೀಪಗಳೆಲ್ಲ ಹಸಿರಾಗಿದ್ದು ನೆಟ್ ಇಲ್ಲ ಅಂದರೆ ಪ್ಲಾನ್ ಮುಗಿದಿರಬಹುದು. ಕಂಪನಿಯ ಆ್ಯಪ್ ಅಥವಾ ಮೆಸೇಜ್ ನೋಡಿ. ಕೆಲವು ಪ್ಲಾನ್‌ನಲ್ಲಿ ತಿಂಗಳ ಡೇಟಾ ಮಿತಿ ದಾಟಿದ ಮೇಲೆ ನೆಟ್ ಪೂರ್ತಿ ನಿಲ್ಲಲ್ಲ, ಸ್ಪೀಡ್ ಕುಸಿಯುತ್ತೆ. ತಿಂಗಳ ಕೊನೆಯಲ್ಲೇ ವಿಡಿಯೊ ಸುತ್ತುತ್ತಾ ಕೂತರೆ ಇದನ್ನ ಅನುಮಾನಿಸಬೇಕು.

ದೀಪಗಳು ಏನು ಹೇಳುತ್ತವೆ

ಫೈಬರ್ ಪೆಟ್ಟಿಗೆಯ ಮೇಲೆ ಮುಖ್ಯವಾಗಿ ನೋಡಬೇಕಾದ್ದು ‘ಪಾನ್’ ಮತ್ತು ‘ಎಲ್‌ಒಎಸ್’ ಎಂದು ಬರೆದಿರುವ ಎರಡು ದೀಪ. ಪಾನ್ ಹಸಿರಾಗಿ ನಿಂತಿದ್ದರೆ ಪೆಟ್ಟಿಗೆಗೂ ಕಂಪನಿಯ ಸಲಕರಣೆಗೂ ಸಂಪರ್ಕ ಇದೆ. ಪಾನ್ ಮಿನುಗುತ್ತಲೇ ಇದ್ದರೆ ಸಂಪರ್ಕಕ್ಕೆ ಪ್ರಯತ್ನಿಸುತ್ತಿದೆ, ಸಿಕ್ಕಿಲ್ಲ. ಎಲ್‌ಒಎಸ್ ಕೆಂಪಗೆ ಹೊತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ. ಎಲ್ಲೋ ಮರದ ಕೊಂಬೆ ಬಿದ್ದು ಲೈನ್ ತುಂಡಾಗಿದೆ, ರಸ್ತೆ ಅಗೆದ ಜೆಸಿಬಿ ಎಳೆದು ಹಾಕಿದೆ, ಇಲ್ಲಾ ಅಟ್ಟದ ಮೇಲೆ ಇಲಿ ಕಡಿದಿದೆ. ಇದಕ್ಕೆ ರೂಟರ್ ಹತ್ತು ಸಲ ಆಫ್-ಆನ್ ಮಾಡಿದರೂ ಉಪಯೋಗ ಇಲ್ಲ.

ಒಂದೇ ಒಂದು ನೋಡಬಹುದು: ಮನೆಯೊಳಗೆ ಆ ತೆಳು ವೈರ್ ಕುರ್ಚಿ ಕಾಲಿಗೆ ಸಿಕ್ಕಿದೆಯಾ, ಬಾಗಿಲ ಸಂದಿಯಲ್ಲಿ ಮಡಚಿದೆಯಾ. ಫೈಬರ್ ಅಂದರೆ ಗಾಜಿನ ಎಳೆ; ತೀರಾ ಬಗ್ಗಿಸಿದರೆ ಬೆಳಕು ಸೋರುತ್ತೆ, ಮಡಚಿದರೆ ಮುರಿಯುತ್ತೆ. ಮೊಳೆಗೆ ಸುತ್ತಿಡುವ ಅಭ್ಯಾಸ ಬಿಡಿ. ತುಂಡಾದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಅದರಲ್ಲಿ ಬರೋದು ಕಣ್ಣಿಗೆ ಕಾಣದ ಲೇಸರ್ ಬೆಳಕು. ಟೇಪ್ ಸುತ್ತಿ ಜೋಡಿಸೋ ತಾಮ್ರದ ವೈರಲ್ಲ ಇದು, ಜೋಡಿಸೋಕೆ ಬೇರೆ ಯಂತ್ರವೇ ಬೇಕು.

ಯಾವ ದೀಪವೂ ಹೊತ್ತದಿದ್ದರೆ ಅಡಾಪ್ಟರ್ ನೋಡಿ. ಗುಡುಗು-ಸಿಡಿಲಿನ ಮಾರನೇ ದಿನ ಸಾಯೋದು ಹೆಚ್ಚಾಗಿ ಅದೇ. ಗಾಜಿನ ಎಳೆಯಲ್ಲಿ ಕರೆಂಟು ಹರಿಯಲ್ಲ, ಸಿಡಿಲು ಬರೋದು ಕರೆಂಟಿನ ಲೈನಿನಿಂದ. ಹಾಗಾಗಿ ಮಳೆ ಕವಿದಾಗ ಪ್ಲಗ್ ಕಿತ್ತಿಡೋದು ಒಳ್ಳೆಯದು. ಸ್ವಿಚ್ ಆಫ್ ಮಾಡಿದರೆ ಸಾಲದು. ಹೊಸ ಅಡಾಪ್ಟರ್ ತರುವಾಗ ಹಳೆಯದರ ಮೇಲೆ ಬರೆದಿರುವ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು. ಬಹಳಷ್ಟು ಪೆಟ್ಟಿಗೆಗಳದ್ದು 12 ವೋಲ್ಟ್. ಸೆಟ್‌ಟಾಪ್ ಬಾಕ್ಸಿನದ್ದು ಪಿನ್ ಕೂರುತ್ತೆ ಅಂತ ಹಾಕಿದರೆ ರೂಟರ್ ಹತ್ತು ನಿಮಿಷಕ್ಕೊಮ್ಮೆ ತಾನೇ ಆಫ್ ಆಗಿ ಆನ್ ಆಗಬಹುದು, ಸುಟ್ಟೂ ಹೋಗಬಹುದು.

ದೀಪಗಳೆಲ್ಲ ಸರಿ, ರೀಚಾರ್ಜೂ ಇದೆ, ಆದರೂ ನೆಟ್ ಇಲ್ಲ ಅಂದಾಗ ಪೆಟ್ಟಿಗೆ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಆನ್ ಮಾಡಿ, ಐದು ನಿಮಿಷ ಕಾಯಿರಿ. ಫೈಬರ್ ಪೆಟ್ಟಿಗೆ, ರೂಟರ್ ಬೇರೆ ಬೇರೆ ಇದ್ದರೆ ಮೊದಲು ಫೈಬರ್ ಪೆಟ್ಟಿಗೆ, ಅದು ಸರಿಹೋದ ಮೇಲೆ ರೂಟರ್.

ಇಲ್ಲಿ ಒಂದು ಎಚ್ಚರಿಕೆ. ಹಿಂಭಾಗದಲ್ಲೋ ಕೆಳಗೋ ಸಣ್ಣ ತೂತಿನೊಳಗೆ ‘ರೀಸೆಟ್’ ಗುಂಡಿ ಇರುತ್ತೆ. ಅದನ್ನ ಪಿನ್ ಹಾಕಿ ಒತ್ತಬೇಡಿ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಒತ್ತಿದರೆ ಲೈನ್‌ನವರು ಹಾಕಿಕೊಟ್ಟ ಯೂಸರ್ ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿ ಹೋಗುತ್ತೆ. ಕೆಲವು ಕಂಪನಿಯ ಪೆಟ್ಟಿಗೆ ತಾನೇ ಮತ್ತೆ ಹಾಕಿಕೊಳ್ಳುತ್ತೆ. ಆದರೆ ಊರಿನ ಆಪರೇಟರ್ ಕೊಟ್ಟ ಹಲವು ಕನೆಕ್ಷನ್‌ಗಳಿಗೆ ಹುಡುಗ ಬಂದೇ ಹಾಕಬೇಕು. ಐದು ನಿಮಿಷದ ತೊಂದರೆ ಎರಡು ದಿನದ್ದಾಗುವುದು ಹೀಗೇ.

ಒಳಮನೆಗೆ ಸಿಗ್ನಲ್ ಬರದಿದ್ದರೆ

ಜಗುಲಿಯಲ್ಲಿ ನೆಟ್ ಇದೆ, ಅಡುಗೆಮನೆಯಲ್ಲಿ ಇಲ್ಲ ಅನ್ನೋದು ಲೈನಿನ ತಪ್ಪಲ್ಲ, ಗೋಡೆಯದ್ದು. ದಪ್ಪ ಮಣ್ಣಿನ ಗೋಡೆ, ಕಲ್ಲಿನ ಗೋಡೆ, ಕಬ್ಬಿಣದ ಬೀರು, ಫ್ರಿಜ್ ಎಲ್ಲವೂ ಸಿಗ್ನಲ್ ತಡೆಯುತ್ತವೆ. ಪೆಟ್ಟಿಗೆಯನ್ನ ಟಿವಿ ಹಿಂದೆ ಬಚ್ಚಿಡದೆ ಎತ್ತರದಲ್ಲಿ, ಮನೆಯ ನಡುಭಾಗಕ್ಕೆ ಹತ್ತಿರ ಇಡಿ.

ಒಂದೇ ಪೆಟ್ಟಿಗೆಯಿಂದ ಎರಡು ಹೆಸರು ಕಾಣುತ್ತಿದ್ದರೆ, ಒಂದರ ಕೊನೆಯಲ್ಲಿ ‘5ಜಿ’ ಅಂತ ಇರುತ್ತೆ. ಇದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ತರಂಗ ಅಂತ ಅರ್ಥ. ಹತ್ತಿರದಲ್ಲಿ ವೇಗ ಜಾಸ್ತಿ, ಗೋಡೆ ದಾಟೋ ಶಕ್ತಿ ಕಮ್ಮಿ. ಇನ್ನೊಂದು 2.4 ಗಿಗಾಹರ್ಟ್ಸ್, ವೇಗ ಕಮ್ಮಿ, ದೂರ ಹೋಗುತ್ತೆ. ವೈಫೈ ಸಿಸಿಟಿವಿ ಕ್ಯಾಮೆರಾ, ಪ್ರಿಂಟರ್‌ಗಳಲ್ಲಿ ಬಹಳಷ್ಟಕ್ಕೆ 2.4 ಮಾತ್ರ ಕಾಣುತ್ತೆ. ಬಿಲ್ಲಿಂಗ್ ಕಂಪ್ಯೂಟರಿಗಂತೂ ವೈಫೈ ನಂಬದೆ ಲ್ಯಾನ್ ಕೇಬಲ್ ಎಳೆಯೋದೇ ವಾಸಿ. 100 ಮೀಟರ್‌ವರೆಗೆ ತೊಂದರೆಯಿಲ್ಲ, ಗೋಡೌನಿಗೂ ಮುಟ್ಟುತ್ತೆ.

ಕರೆಂಟ್ ಹೋದಾಗ ನೆಟ್ ಬೇಕು ಅನ್ನೋರು ರೂಟರ್‌ಗೆಂದೇ ಸಿಗುವ ಚಿಕ್ಕ ಯುಪಿಎಸ್ ಹಾಕಿಸಬಹುದು. ಆದರೆ ನಿಮ್ಮ ಲೈನ್ ಹೊರಡುವ ಆಪರೇಟರ್ ಕಡೆಯೂ ಬ್ಯಾಕಪ್ ಇದೆಯಾ ಅಂತ ಮೊದಲು ಕೇಳಿ, ಇಲ್ಲದಿದ್ದರೆ ದುಡ್ಡು ದಂಡ. ಅಂಗಡಿಯ ಪೇಮೆಂಟ್ ಸೌಂಡ್‌ಬಾಕ್ಸ್‌ಗಳಲ್ಲಿ ಹೆಚ್ಚಿನವು ತಮ್ಮದೇ ಸಿಮ್ ಮೇಲೆ ಓಡುವುದರಿಂದ ವೈಫೈ ಹೋದರೂ ಮಾತಾಡುತ್ತವೆ.

ಕಂಪ್ಲೇಂಟ್ ಕೊಡುವಾಗ

ಪಕ್ಕದ ಮನೆಯಲ್ಲೂ ಅದೇ ಕಂಪನಿಯ ಲೈನ್ ಇದ್ದರೆ ವಿಚಾರಿಸಿ. ‘ನೆಟ್ ಇಲ್ಲ’ ಅನ್ನೋ ಬದಲು ‘ಎಲ್‌ಒಎಸ್ ಕೆಂಪಿದೆ, ಪಕ್ಕದವರದ್ದೂ ಹೋಗಿದೆ’ ಅಂತ ಹೇಳಿದರೆ ಹುಡುಗ ಬರುವಾಗಲೇ ಸರಿಯಾದ ಸಾಮಾನು ತರುತ್ತಾನೆ. ಆಪರೇಟರ್‌ಗೆ ಬಾಯಿಮಾತಲ್ಲಿ ಹೇಳಿ ಸುಮ್ಮನಾಗಬೇಡಿ. ಕಂಪನಿಯ ದೂರು ಕೇಂದ್ರದಲ್ಲಿ ನೋಂದಾಯಿಸಿ, ಡಾಕೆಟ್ ನಂಬರ್ ತಗೊಳ್ಳಿ. ಆ ನಂಬರ್ ಕೊಡಬೇಕು ಅಂತ ಟ್ರಾಯ್‌ನ 2012ರ ನಿಯಮವೇ ಇದೆ. ಪರಿಹಾರ ಸಿಗದಿದ್ದರೆ ಅದೇ ನಂಬರ್ ಇಟ್ಟುಕೊಂಡು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಒಬ್ಬೊಬ್ಬ ಗ್ರಾಹಕರ ದೂರನ್ನು ಟ್ರಾಯ್ ನೇರವಾಗಿ ಬಗೆಹರಿಸುವುದಿಲ್ಲ.

ಕಸ್ಟಮರ್ ಕೇರ್ ನಂಬರನ್ನು ಬಿಲ್ಲಿನಿಂದಲೋ ಕಂಪನಿಯ ಆ್ಯಪ್‌ನಿಂದಲೋ ಮಾತ್ರ ತಗೊಳ್ಳಿ. ಗೂಗಲ್‌ನಲ್ಲಿ ಹುಡುಕಿದರೆ ಸಿಗುವ ನಂಬರ್‌ಗಳಲ್ಲಿ ವಂಚಕರದ್ದೂ ಇರುತ್ತವೆ. ‘ಹತ್ತು ರೂಪಾಯಿ ಕಟ್ಟಿ’, ‘ಈ ಆ್ಯಪ್ ಹಾಕಿ, ಸ್ಕ್ರೀನ್ ಶೇರ್ ಮಾಡಿ’, ‘ಒಟಿಪಿ ಹೇಳಿ’ ಅಂದ ಕೂಡಲೇ ಫೋನ್ ಇಡಿ. ಲೈನ್ ಸರಿ ಮಾಡೋಕೆ ಇದ್ಯಾವುದೂ ಬೇಕಿಲ್ಲ. ದುಡ್ಡು ಹೋಗಿಯೇಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.