ಚಾಪ್‌ಮನ್, ಕಾರ್ಲ್‌ಟನ್ (1971–2020)

ಭಾರತ ಫುಟ್‌ಬಾಲ್ ತಂಡದ ಮಾಜಿ ನಾಯಕ, ಮಿಡ್‌ಫೀಲ್ಡರ್, ತರಬೇತುದಾರ. ಜನನ 1971ರ ಏಪ್ರಿಲ್ 13, ಬೆಂಗಳೂರು. ನಿಧನ 2020ರ ಅಕ್ಟೋಬರ್ 12, ಬೆಂಗಳೂರು. ಈಸ್ಟ್ ಬೆಂಗಾಲ್, ಜೆಸಿಟಿ, ಎಫ್‌ಸಿ ಕೊಚ್ಚಿನ್ ಕ್ಲಬ್‌ಗಳಲ್ಲಿ ಆಡಿ 2001ರಲ್ಲಿ ನಿವೃತ್ತರಾದರು. ಭಾರತದ ಫುಟ್‌ಬಾಲು ಕಚೇರಿ ನೌಕರಿಯ ಜೊತೆಗಿನ ಆಟವಾಗಿದ್ದುದು ಸಂಬಳದ ಕಸುಬಾಗಿ ಬದಲಾದ ಹೊತ್ತಿಗೆ ಸರಿಯಾಗಿ ಅವರ ಆಟದ ವರ್ಷಗಳು ಬಂದವು. ಆಟ ಕಲಿತದ್ದು ಬೆಂಗಳೂರಿನಲ್ಲಿ, ಹೆಸರು ಮಾಡಿದ ಕ್ಲಬ್ಬುಗಳೆಲ್ಲ ಹೊರರಾಜ್ಯದವು. ಕರ್ನಾಟಕದ ಫುಟ್‌ಬಾಲ್ ಚರಿತ್ರೆಯಲ್ಲಿ ಇದು ಅವರೊಬ್ಬರ ಕಥೆಯಲ್ಲ. ಅವರಿಗಿಂತ ಅರ್ಧ ಶತಮಾನ ಮೊದಲೇ ಬಿದ್ದ ದಾರಿ.

ಹಿನ್ನೆಲೆ

ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದು ದಂಡು ಪ್ರದೇಶದ ಸೈನಿಕರ ಮೂಲಕ. ಹಲಸೂರು, ಆಸ್ಟಿನ್ ಟೌನ್, ಗೌತಮಪುರದಂಥ ಬಡಾವಣೆಗಳಲ್ಲಿ ಅದು ಬೇರೂರಿತು. 1946–47ರಲ್ಲಿ ಮೈಸೂರು ಸಂಸ್ಥಾನದ ತಂಡ ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿ ಗೆದ್ದಿತು. 1952–53, 1967–68, 1968–69ರಲ್ಲಿ ಮತ್ತೆ ಗೆದ್ದಿತು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಈ ನೆಲದ ಸಾರಂಗಪಾಣಿ ರಾಮನ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಫ್ರಾನ್ಸ್ ವಿರುದ್ಧ. ಎರಡು ಪೆನಾಲ್ಟಿ ಕೈತಪ್ಪಿದ ಆ ಪಂದ್ಯವನ್ನು ಭಾರತ 1–2ರಿಂದ ಸೋತಿತು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ, ‘ಪಂಚ ಪಾಂಡವರು’ ಎಂದು ಹೆಸರಾದ ಐವರು ಮುನ್ನಡೆ ಆಟಗಾರರಲ್ಲಿ ಒಬ್ಬರಾದರು.

ಬೆಂಗಳೂರಿನಲ್ಲೇ ಉಳಿದವರಿಗೆ ಆಸರೆಯಾದದ್ದು ಐಟಿಐ, ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ದಿಮೆಗಳ ತಂಡಗಳು ಮತ್ತು ಸೇನೆಯ ತಂಡಗಳು. ಒಳ್ಳೆಯ ಆಟಗಾರನಿಗೆ ಅಲ್ಲಿ ಸಿಗುತ್ತಿದ್ದುದು ಕಾಯಂ ನೌಕರಿ, ಪಿಂಚಣಿ. ಆಡಿದ್ದಕ್ಕೇ ದುಡ್ಡು, ಸಾವಿರಾರು ಜನರ ಗದ್ದಲ, ಪತ್ರಿಕೆಯ ಮುಖಪುಟ ಬೇಕೆಂದವರು ಕಲ್ಕತ್ತದ ರೈಲು ಹತ್ತಬೇಕಿತ್ತು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಹುಡುಗರು ಹೋಟೆಲ್ ಕೆಲಸಕ್ಕೆಂದು ಬೆಂಗಳೂರು, ಮುಂಬೈ ಬಸ್ಸು ಹತ್ತಿದ ಹಾಗೆಯೇ ಇದೂ: ಕಸುಬು ಕೈಯಲ್ಲಿತ್ತು, ಅದಕ್ಕೆ ಬೆಲೆ ಕಟ್ಟುವ ಊರು ಬೇರೆಯಾಗಿತ್ತು.

ಕಲಿಕೆ

1980ರ ದಶಕದ ನಡುವಿನಲ್ಲಿ ಚಾಪ್‌ಮನ್ ಬೆಂಗಳೂರಿನ ಕ್ರೀಡಾ ಹಾಸ್ಟೆಲಿನಲ್ಲಿ ತರಬೇತಿ ಪಡೆದರು. ನಂತರ ಸದರ್ನ್ ಬ್ಲೂಸ್ ಎಂಬ ಸ್ಥಳೀಯ ಕ್ಲಬ್ ಸೇರಿದರು. 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಆಯ್ಕೆಯಾದರು. 1987ರಲ್ಲಿ ಆರಂಭವಾದ ಈ ಅಕಾಡೆಮಿ ಹುಡುಗರನ್ನು ತನ್ನಲ್ಲೇ ಇಟ್ಟುಕೊಂಡು, ಊಟ, ಓದು, ಅಭ್ಯಾಸ ಎಲ್ಲವನ್ನೂ ಒಂದೇ ಆವರಣದಲ್ಲಿ ನೀಡುತ್ತಿತ್ತು. ಬೀದಿಯಲ್ಲಿ ಕಲಿತ ಚಳಕಕ್ಕೆ ಅಲ್ಲಿ ಶಿಸ್ತು ಸೇರಿತು. 1993ರವರೆಗೆ ಅವರು ಅಲ್ಲಿದ್ದರು.

ಮಿಡ್‌ಫೀಲ್ಡರನ ಕೆಲಸ ಮೈದಾನದ ನಟ್ಟನಡುವೆ. ಹಿಂದಿನ ರಕ್ಷಣೆಯವರಿಂದ ಚೆಂಡು ಪಡೆದು ಮುಂದಿನವರಿಗೆ ದಾಟಿಸುವುದು, ಎದುರಾಳಿಯ ದಾಳಿಯನ್ನು ಅರ್ಧದಲ್ಲೇ ಕಡಿಯುವುದು, ಆಟದ ವೇಗವನ್ನು ಏರಿಸಿ ಇಳಿಸುವುದು ಅವನ ಪಾಲಿಗೆ ಬರುತ್ತದೆ. ಹಿಂದಿನಿಂದ ಬರುವ ಚೆಂಡನ್ನು ಎದುರುಗೊಳ್ಳುವಾಗ ಅವನ ಬೆನ್ನು ಎದುರಾಳಿಯ ಗೋಲಿನ ಕಡೆಗಿರುತ್ತದೆ. ಹಾಗಾಗಿ ಚೆಂಡು ಇನ್ನೂ ದಾರಿಯಲ್ಲಿರುವಾಗಲೇ ಕತ್ತು ಹೊರಳಿಸಿ, ಭುಜದ ಮೇಲಿಂದ ಒಮ್ಮೆ ಹಿಂದೆ ನೋಡಿಕೊಳ್ಳಬೇಕು: ಯಾರು ಎಷ್ಟು ದೂರದಲ್ಲಿದ್ದಾರೆ, ತಿರುಗಲು ಜಾಗವಿದೆಯೇ, ಇಲ್ಲವಾದರೆ ಒಂದೇ ಮುಟ್ಟಿಗೆ ಹಿಂತಿರುಗಿಸಬೇಕೇ? ಚೆಂಡು ಕಾಲಿಗೆ ಬಂದ ಮೇಲೆ ಯೋಚಿಸಿದರೆ ತಡವಾಯಿತು. ಈ ಜಾಗದಲ್ಲಿ ಆಡುತ್ತಿದ್ದ ಚಾಪ್‌ಮನ್‌ಗೆ ಚೆಂಡು ಹಂಚುವುದರ ಜೊತೆಗೆ, ಸಮಯ ನೋಡಿ ಪೆನಾಲ್ಟಿ ಆವರಣಕ್ಕೆ ನುಗ್ಗಿ ಗೋಲು ಹೊಡೆಯುವುದೂ ಗೊತ್ತಿತ್ತು.

ಈಸ್ಟ್ ಬೆಂಗಾಲ್, 1993–95

1993ರಲ್ಲಿ ಅವರು ಈಸ್ಟ್ ಬೆಂಗಾಲ್ ಸೇರಿದರು. ಕಲ್ಕತ್ತ ಲೀಗ್ ಹಿಂದಿನಿಂದಲೂ ಮಳೆಗಾಲದ ಪಂದ್ಯಾವಳಿ. ಕೆಸರಿನಲ್ಲಿ ಚೆಂಡು ಉರುಳುತ್ತಾ ಹೋಗಿ ನೀರು ನಿಂತ ಕಡೆ ತಟ್ಟನೆ ನಿಂತುಬಿಡುತ್ತದೆ. ನೆಲಕ್ಕಂಟಿದ ಪಾಸನ್ನು ನಂಬಿದವರು ಅಲ್ಲಿ ಮೋಸ ಹೋಗುತ್ತಾರೆ; ಚೆಂಡನ್ನು ಗೇಣೆತ್ತರ ಎತ್ತಿ ಕೊಡಲು ಬಾರದ ಮಿಡ್‌ಫೀಲ್ಡರ್ ಬಾಳುವುದು ಕಷ್ಟ.

ಸೇರಿದ ವರ್ಷವೇ ಅವರ ಹೆಸರು ದೇಶಕ್ಕೆಲ್ಲ ತಿಳಿಯಿತು. ಏಷ್ಯನ್ ಕಪ್ ವಿನ್ನರ್ಸ್ ಕಪ್‌ನ ಮೊದಲ ಸುತ್ತಿನಲ್ಲಿ ಬಾಗ್ದಾದಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಸೋಲಿಸಿತು. ಆರರಲ್ಲಿ ಮೂರು ಗೋಲು ಚಾಪ್‌ಮನ್ ಅವರವು. ಇರಾಕಿನ ಕ್ಲಬ್ಬುಗಳು ಏಷ್ಯಾದ ಬಲಾಢ್ಯರೆನಿಸಿಕೊಂಡಿದ್ದ ಕಾಲದಲ್ಲಿ, ಮುನ್ನಡೆ ಆಟಗಾರನಲ್ಲದ 22ರ ಹರೆಯದ ಹುಡುಗ ಹ್ಯಾಟ್ರಿಕ್ ಹೊಡೆದದ್ದು ಸಣ್ಣ ಮಾತಾಗಿರಲಿಲ್ಲ. ಭಾರತೀಯ ಕ್ಲಬ್ಬುಗಳು ಏಷ್ಯಾ ಮಟ್ಟದಲ್ಲಿ ಗಳಿಸಿದ ದೊಡ್ಡ ಗೆಲುವುಗಳ ಮಾತು ಬಂದಾಗ ಈ ಪಂದ್ಯದ ಹೆಸರು ಇಂದಿಗೂ ಬರುತ್ತದೆ.

ಜೆಸಿಟಿ, 1995–97

1995ರಲ್ಲಿ ಚಾಪ್‌ಮನ್ ಪಂಜಾಬಿನ ಫಗ್ವಾಡಾದ ಜೆಸಿಟಿಗೆ ಹೋದರು. ಇದು ಬಟ್ಟೆ ಗಿರಣಿಯೊಂದು ಕಟ್ಟಿ ಸಾಕಿದ ತಂಡ. ಸಿಕ್ಕಿಂನ ಬೈಚುಂಗ್ ಭುಟಿಯಾ ಅದೇ ವರ್ಷ ಅಲ್ಲಿಗೆ ಬಂದರು, ಕೇರಳದ ಐ. ಎಂ. ವಿಜಯನ್ ಕೂಡ ಜೊತೆಗಿದ್ದರು. ವಿಜಯನ್, ಭುಟಿಯಾ ಮುಂದೆ, ಚಾಪ್‌ಮನ್ ಅವರ ಬೆನ್ನಿಗೆ. ಈ ಹೊಂದಾಣಿಕೆ ಜೆಸಿಟಿಯ ಅತ್ಯುತ್ತಮ ದಿನಗಳಿಗೆ ಕಾರಣವಾಯಿತು.

1996ರ ಕೊನೆಯಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭಿಸಿತು. ಅದುವರೆಗೆ ದೇಶದ ಆಟವೆಂದರೆ ನಗರಗಳ ಲೀಗ್‌ಗಳು ಮತ್ತು ಡುರಾಂಡ್, ರೋವರ್ಸ್‌ನಂಥ ನಾಕೌಟ್ ಪಂದ್ಯಾವಳಿಗಳು. ಇಡೀ ದೇಶದ ಕ್ಲಬ್ಬುಗಳು ತಿಂಗಳುಗಟ್ಟಲೆ ಒಂದೇ ಪಟ್ಟಿಯಲ್ಲಿ ಸೆಣಸುವುದು ಹೊಸದು. ಆ ಮೊದಲ ಲೀಗ್ (1996–97) ಗೆದ್ದದ್ದು ಜೆಸಿಟಿ. ಕಲ್ಕತ್ತ, ಗೋವಾಗಳನ್ನು ಬಿಟ್ಟು ಗಿರಣಿಯೂರಿಗೆ ಹೋದ ಪ್ರಶಸ್ತಿಯಲ್ಲಿ ಬೆಂಗಳೂರಿನ ಹುಡುಗನ ದುಡಿಮೆಯೂ ಇತ್ತು. ಸಂತೋಷ್ ಟ್ರೋಫಿಯಲ್ಲಿ ಚಾಪ್‌ಮನ್ ಬಂಗಾಳದ ಪರವಾಗಿಯೂ ಪಂಜಾಬಿನ ಪರವಾಗಿಯೂ ಆಡಿದರು. ಕೆಲಸ ಕೊಟ್ಟ ರಾಜ್ಯದ ಅಂಗಿಯೇ ಆಟಗಾರನ ಅಂಗಿ ಎಂಬುದು ಅಂದಿನ ರೂಢಿ.

ಕೊಚ್ಚಿಯ ಒಂದು ವರ್ಷ, 1997–98

1997ರಲ್ಲಿ ಹುಟ್ಟಿದ ಎಫ್‌ಸಿ ಕೊಚ್ಚಿನ್ ಅನ್ನು ಭಾರತದ ಮೊದಲ ಪೂರ್ಣ ವೃತ್ತಿಪರ ಕ್ಲಬ್ ಎನ್ನುವುದುಂಟು. ಗಿರಣಿ, ಬ್ಯಾಂಕು, ಪೊಲೀಸ್ ಇಲಾಖೆಗಳ ಹಂಗಿಲ್ಲದೆ ಫುಟ್‌ಬಾಲಿಗೆಂದೇ ಕಟ್ಟಿದ ಸಂಸ್ಥೆ ಅದು. ವಿಜಯನ್, ಚಾಪ್‌ಮನ್ ಮುಂತಾದವರು ಅದನ್ನು ಸೇರಿದರು. ಆ ವರ್ಷವೇ ಕ್ಲಬ್ ಡುರಾಂಡ್ ಕಪ್ ಗೆದ್ದು ಬೆರಗು ಹುಟ್ಟಿಸಿತಾದರೂ ಹಣಕಾಸಿನ ಬುಡ ಗಟ್ಟಿಯಿರಲಿಲ್ಲ. 2002ರಲ್ಲಿ ಬಾಗಿಲು ಮುಚ್ಚಿತು. ಚಾಪ್‌ಮನ್ ಒಂದೇ ಋತು ಅಲ್ಲಿದ್ದು 1998ರಲ್ಲಿ ಈಸ್ಟ್ ಬೆಂಗಾಲಿಗೆ ಮರಳಿದ್ದರು. ಕಚೇರಿ ತಂಡದಲ್ಲಿ ಆಟ ನಿಂತರೂ ನೌಕರಿ ಉಳಿಯುತ್ತದೆ. ವೃತ್ತಿಪರ ಕ್ಲಬ್ಬಿನಲ್ಲಿ ಕ್ಲಬ್ ನಿಂತರೆ ಎಲ್ಲವೂ ನಿಂತಂತೆ. ಸಂಬಳದ ಆಟಕ್ಕಿರುವ ಈ ಇನ್ನೊಂದು ಮುಖವನ್ನು ಭಾರತದ ಆಟಗಾರರ ಮುಂದಿಟ್ಟ ಮೊದಲ ಉದಾಹರಣೆಗಳಲ್ಲಿ ಎಫ್‌ಸಿ ಕೊಚ್ಚಿನ್ ಒಂದು.

ಮರಳಿ ಈಸ್ಟ್ ಬೆಂಗಾಲಿಗೆ, 1998–2001

ರಾಷ್ಟ್ರೀಯ ಲೀಗ್ ಶುರುವಾದ ಮೇಲೆ ಎದುರಾಳಿ ಮೋಹನ್ ಬಗಾನ್ ಎರಡು ಬಾರಿ (1997–98, 1999–2000) ಚಾಂಪಿಯನ್ ಆಗಿತ್ತು. ಈಸ್ಟ್ ಬೆಂಗಾಲಿಗೆ ಒಂದೂ ದಕ್ಕಿರಲಿಲ್ಲ. 2000–01ರಲ್ಲಿ ಚಾಪ್‌ಮನ್ ನಾಯಕತ್ವದಲ್ಲಿ ತಂಡ ಮೋಹನ್ ಬಗಾನನ್ನೇ ಹಿಂದಿಕ್ಕಿ ಮೊದಲ ಬಾರಿ ರಾಷ್ಟ್ರೀಯ ಲೀಗ್ ಗೆದ್ದಿತು. ಅಲ್ಲಿಗೆ ಅವರು ಬೂಟು ಬಿಚ್ಚಿದರು. ಆಗ ವಯಸ್ಸು ಮೂವತ್ತು.

ಭಾರತ ತಂಡದಲ್ಲಿ

1990ರ ದಶಕದಲ್ಲಿ ಚಾಪ್‌ಮನ್ ಭಾರತದ ಮಧ್ಯಭಾಗದ ಆಧಾರವಾಗಿದ್ದರು, ತಂಡವನ್ನು ಮುನ್ನಡೆಸಿದರು. 1997ರಲ್ಲಿ ಕಠ್ಮಂಡುವಿನಲ್ಲಿ ನಡೆದ ಸಾಫ್ ಕಪ್ಪನ್ನು ಭಾರತ ಫೈನಲಿನಲ್ಲಿ ಮಾಲ್ಡೀವ್ಸ್ ತಂಡವನ್ನು 5–1ರಿಂದ ಸೋಲಿಸಿ ಗೆದ್ದಾಗ ಅವರು ತಂಡದಲ್ಲಿದ್ದರು.

ತರಬೇತಿ ಮತ್ತು ಕೊನೆಯ ದಿನಗಳು

ನಿವೃತ್ತಿಯ ಮರುವರ್ಷ, 2002ರಲ್ಲಿ, ತಾವು ಕಲಿತ ಟಾಟಾ ಫುಟ್‌ಬಾಲ್ ಅಕಾಡೆಮಿಗೇ ತರಬೇತುದಾರರಾಗಿ ಹೋದರು. ಆಮೇಲೆ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ, ಕಲ್ಕತ್ತದ ಭವಾನಿಪುರ್ ಮುಂತಾದ ಕ್ಲಬ್ಬುಗಳಲ್ಲಿ ದುಡಿದರು. ಕೇರಳದ ಕ್ವಾರ್ಟ್ಜ್ ಎಫ್‌ಸಿಯ ತಾಂತ್ರಿಕ ನಿರ್ದೇಶಕರೂ ಆಗಿದ್ದರು. 2020ರ ಅಕ್ಟೋಬರ್ 12ರ ಮುಂಜಾನೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 49 ವರ್ಷ.

ಅನಂತರದ ಹಾದಿ

ಚಾಪ್‌ಮನ್ ನಂತರ ಬೆಂಗಳೂರಿನ ಇನ್ನೊಬ್ಬ ಮಿಡ್‌ಫೀಲ್ಡರ್ ಷಣ್ಮುಗಂ ವೆಂಕಟೇಶ್ ಭಾರತಕ್ಕೆ ಆಡಿದರು. ಅವರಿಗೂ ಹೆಸರು ಬಂದದ್ದು ಹೊರಗೆ, ಮುಂಬೈನ ಮಹೀಂದ್ರಾ ಯುನೈಟೆಡ್‌ನಲ್ಲಿ. ಹಾದಿ ತಿರುಗಿದ್ದು 2013ರಲ್ಲಿ, ಬೆಂಗಳೂರು ಎಫ್‌ಸಿ ಹುಟ್ಟಿದಾಗ. ಅಶೋಕನಗರದ ಹಳೆಯ ಫುಟ್‌ಬಾಲ್ ಮೈದಾನದಲ್ಲಿ ಆಟ ಶುರುಮಾಡಿದ ಕ್ಲಬ್ ಮೊದಲ ವರ್ಷವೇ ಐ–ಲೀಗ್ ಗೆದ್ದಿತು. ಆ ತಂಡದಲ್ಲಿ ಬೆಂಗಳೂರಿನವರೇ ಆದ ಶಂಕರ್ ಸಂಪಂಗಿರಾಜ್ ಎಂಬ ಹದಿಹರೆಯದ ಮಿಡ್‌ಫೀಲ್ಡರ್ ಇದ್ದರು. ಕ್ಲಬ್ 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು. 2018–19ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಮನೆಗೆ ತಂದಿತು.

ರಾಜ್ಯದ ಫುಟ್‌ಬಾಲ್ ನಕ್ಷೆ ಇಂದಿಗೂ ಬೆಂಗಳೂರಿನ ಕಡೆಗೆ ವಾಲಿದೆ. ಕರಾವಳಿಯಲ್ಲಿ ಮಂಗಳೂರಿನ ನೆಹರೂ ಮೈದಾನ ಮತ್ತು ಉಳ್ಳಾಲದ ಕಡೆ ಆಟಕ್ಕೆ ನೆಲೆಯಿದೆ. ಉತ್ತರಕ್ಕೆ ಬಂದಂತೆ ಕುಂದಾಪುರ ಹಾಗೂ 2018ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾದ ಬೈಂದೂರು, ಬ್ರಹ್ಮಾವರಗಳಲ್ಲಿ ಮೈದಾನವೆಂದರೆ ಕ್ರಿಕೆಟ್, ಕಬಡ್ಡಿ, ವಾಲಿಬಾಲ್. ಕುಂದಾಪುರದ ಗಾಂಧಿ ಮೈದಾನದಲ್ಲಿ ಚೆಂಡು ಒದೆಯುವ ಹುಡುಗ ಶಾಲಾ ಪಂದ್ಯಗಳ ತಾಲ್ಲೂಕು, ಜಿಲ್ಲಾ ಹಂತ ದಾಟಿ, ಕ್ರೀಡಾ ಹಾಸ್ಟೆಲಿನ ಆಯ್ಕೆಯಲ್ಲಿ ಗೆದ್ದು ಘಟ್ಟ ಹತ್ತಬೇಕು. ಆದರೆ ಅವನ ಪಾಲಿಗೆ ವೃತ್ತಿಪರ ಕ್ಲಬ್ಬು ಈಗ ಒಂದು ರಾತ್ರಿಯ ಬಸ್ಸಿನ ದೂರದಲ್ಲಿದೆ. ಬೆಂಗಳೂರಿನಲ್ಲೇ ಹುಟ್ಟಿದ ಚಾಪ್‌ಮನ್‌ಗೆ 1993ರಲ್ಲಿ ಅದು ಕಲ್ಕತ್ತದಷ್ಟು ದೂರದಲ್ಲಿತ್ತು.