ಬ್ರಿಜ್ ಆಟದ ಒಪ್ಪಂದಗಳು: ಒಂದು ಸಣ್ಣ ಇತಿಹಾಸ



ನಿವೃತ್ತಿಯ ನಂತರ ನಾನು ಬ್ರಿಜ್ ಆಟ ಕಲಿತ ಸಂಗತಿ ನಿಮ್ಮಲ್ಲಿ ಕೆಲವರಿಗೆ ತಿಳಿದಿದೆ. ಕೊನೆಯ ಬೆಂಚಿನಲ್ಲಿ ಇಸ್ಪೀಟು ಎಲೆ ಹಿಡಿದು ಸಿಕ್ಕಿಬಿದ್ದು ನನ್ನಿಂದ ಬೈಸಿಕೊಂಡವರು ಇದನ್ನು ಓದಿ ನಗಬಹುದು. ನಗಲಿ, ಆ ಹಕ್ಕು ಅವರಿಗಿದೆ.

ಕಳೆದ ತಿಂಗಳು ಹೊಸ ಜೊತೆಗಾರರೊಬ್ಬರೊಡನೆ ಆಡಲು ಕುಳಿತೆ. ಅವರು ನಿವೃತ್ತ ಬ್ಯಾಂಕ್ ಅಧಿಕಾರಿ. ನನಗಿಂತ ನುರಿತ ಆಟಗಾರರು. ಎದುರಾಳಿ 'ಒಂದು ಡೈಮಂಡ್' ಎಂದು ಆರಂಭಿಸಿದರು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂಬ ಲೆಕ್ಕದಲ್ಲಿ ನನ್ನ ಕೈಯಲ್ಲಿ 16 ಅಂಕಗಳಿದ್ದವು. ಡೈಮಂಡಿನಲ್ಲಿ ಎದುರಾಳಿಯನ್ನು ತಡೆಯುವ ಎಲೆಗಳೂ ಇದ್ದವು. 'ಒಂದು ನೋ ಟ್ರಂಪ್' ಎಂದೆ. ಅಂದರೆ ತುರುಫು ಇಲ್ಲದ ಆಟ. ಜೊತೆಗಾರರು 'ಎರಡು ಹಾರ್ಟ್' ಎಂದರು. ಅವರಿಗೆ ಹಾರ್ಟ್ ಜಾತಿಯ ಎಲೆಗಳು ಹೆಚ್ಚಾಗಿವೆ ಎಂದು ಭಾವಿಸಿ ನಾನು 'ಪಾಸ್' ಎಂದೆ. ಅವರು ಆಡಬೇಕಾಯಿತು, ನನ್ನ ಎಲೆಗಳನ್ನು ಮೇಜಿನ ಮೇಲೆ ಹರಡಿದೆ. ಅವರ ಮುಖ ಕಳೆಗುಂದಿತು. ಅವರಲ್ಲಿದ್ದದ್ದು ಎರಡೇ ಹಾರ್ಟ್, ನನ್ನಲ್ಲಿ ಮೂರು. ಸ್ಪೇಡ್ ಮಾತ್ರ ಅವರಲ್ಲಿ ಐದು, ನನ್ನಲ್ಲಿ ನಾಲ್ಕು! ಆಟ ಮಣ್ಣುಪಾಲಾಯಿತು.

"ಮೇಷ್ಟ್ರೇ, ನಾನು ಹೇಳಿದ್ದು ಟ್ರಾನ್ಸ್‌ಫರ್" ಎಂದರು ಅವರು ಮೆಲ್ಲಗೆ.

"ಹಾಗೆಂದು ನಾವು ಮಾತಾಡಿಕೊಂಡಿರಲಿಲ್ಲವಲ್ಲ ಸ್ವಾಮಿ" ಎಂದೆ. ಮೂರು ದಶಕ ಮೇಷ್ಟ್ರಾಗಿದ್ದವನಿಗೆ ಟ್ರಾನ್ಸ್‌ಫರ್ ಎಂಬ ಪದ ಎಂದೂ ಶುಭವಾರ್ತೆಯಾಗಿರಲಿಲ್ಲ, ಅಂದೂ ಆಗಲಿಲ್ಲ.

ತಪ್ಪು ಅವರದೇ, ನನ್ನದೇ? ಮನೆಗೆ ಬಂದ ಮೇಲೂ ಈ ಪ್ರಶ್ನೆ ಬಿಡಲಿಲ್ಲ. ಇತಿಹಾಸ ಪಾಠ ಮಾಡಿದವನ ಚಟ, ಹಳೆಯ ಪುಟಗಳಲ್ಲಿ ಉತ್ತರ ಹುಡುಕಿದೆ.

ಈಗಿನ ಕಾಂಟ್ರಾಕ್ಟ್ ಬ್ರಿಜ್ ಹುಟ್ಟಿದ್ದು 1925ರಲ್ಲಿ. ಅಮೆರಿಕದ ಸಿರಿವಂತ ಹೆರಾಲ್ಡ್ ವಾಂಡರ್‌ಬಿಲ್ಟ್ ಆ ವರ್ಷದ ಶರತ್ಕಾಲದಲ್ಲಿ 'ಫಿನ್ಲೆಂಡ್' ಎಂಬ ಹಡಗಿನಲ್ಲಿ ಪನಾಮಾ ಕಾಲುವೆಯ ಮಾರ್ಗವಾಗಿ ಪ್ರಯಾಣಿಸುತ್ತಿದ್ದಾಗ, ತಾವು ರೂಪಿಸಿದ ಹೊಸ ನಿಯಮಗಳನ್ನು ಮಿತ್ರರೊಡನೆ ಆಡಿ ಪರೀಕ್ಷಿಸಿದರು. ಅದಕ್ಕೆ ಮೊದಲಿದ್ದ ಆಕ್ಷನ್ ಬ್ರಿಜ್‌ನಲ್ಲಿ, ಕಡಿಮೆ ಹೇಳಿ ಹೆಚ್ಚು ಟ್ರಿಕ್ಕು ಗೆದ್ದರೂ ಆ ಹೆಚ್ಚಿನ ಗೆಲುವು 'ಗೇಮ್' ಲೆಕ್ಕಕ್ಕೆ ಸೇರುತ್ತಿತ್ತು. ವಾಂಡರ್‌ಬಿಲ್ಟ್ ಅದನ್ನು ಬದಲಿಸಿದರು. ಮೊದಲೇ ಹೇಳಿ ಗೆದ್ದದ್ದಕ್ಕೆ ಮಾತ್ರ ಗೇಮ್ ಲೆಕ್ಕದಲ್ಲಿ ಬೆಲೆ. ಎಷ್ಟು ಗೆಲ್ಲಬಲ್ಲೆವೆಂಬುದನ್ನು ಇಬ್ಬರೂ ಸೇರಿ ಮುಂಚಿತವಾಗಿ ನಿಖರವಾಗಿ ತಿಳಿಯಬೇಕಾಯಿತು. ಅಂದಿನಿಂದ ಜೊತೆಗಾರರ ನಡುವಿನ ಸಂಭಾಷಣೆಯೇ ಆಟದ ಜೀವಾಳವಾಯಿತು.

ಆ ಸಂಭಾಷಣೆಗಿರುವ ಮಾತುಗಳಾದರೂ ಎಷ್ಟು? ಒಂದರಿಂದ ಏಳರವರೆಗೆ, ನಾಲ್ಕು ಜಾತಿ ಮತ್ತು ನೋ ಟ್ರಂಪ್ ಸೇರಿ 35 ಬಿಡ್‌ಗಳು. ಜೊತೆಗೆ ಪಾಸ್, ಡಬಲ್, ರೀಡಬಲ್. ಒಟ್ಟು 38. ಈ 38 ಮಾತುಗಳಲ್ಲಿ 13 ಎಲೆಗಳ ಕಥೆಯನ್ನು ಹೇಳಬೇಕು. ಆದ್ದರಿಂದ ಒಂದೇ ಮಾತಿಗೆ ಸಂದರ್ಭಕ್ಕೆ ತಕ್ಕ ಅರ್ಥವನ್ನು ಮೊದಲೇ ಗೊತ್ತುಪಡಿಸಿಕೊಳ್ಳುವುದು ಅನಿವಾರ್ಯ.

ಹಾಗೆ ಗೊತ್ತುಪಡಿಸಿಕೊಳ್ಳದಿದ್ದರೆ ಅತಿರಥರೂ ಎಡವುತ್ತಾರೆ. 1931ರ ಡಿಸೆಂಬರ್ 7ರಂದು ನ್ಯೂಯಾರ್ಕಿನ ಚ್ಯಾಥಮ್ ಹೋಟೆಲಿನಲ್ಲಿ ಒಂದು ಪಂದ್ಯ ಆರಂಭವಾಯಿತು. ಒಂದು ಕಡೆ ತಮ್ಮದೇ ಬಿಡ್ ಪದ್ಧತಿಯನ್ನು ಪ್ರಚಾರ ಮಾಡುತ್ತಿದ್ದ ಈಲೈ ಕಲ್ಬರ್ಟ್‌ಸನ್ ಮತ್ತು ಅವರ ಪತ್ನಿ ಜೋಸೆಫೀನ್. ಇನ್ನೊಂದು ಕಡೆ ಹಿರಿಯ ಆಟಗಾರ ಸಿಡ್ನಿ ಲೆಂಜ್ ಮತ್ತು ಇಪ್ಪತ್ತೊಂಬತ್ತರ ಹೊಸ್ತಿಲಲ್ಲಿದ್ದ ತರುಣ ಆಸ್ವಾಲ್ಡ್ ಜಾಕೋಬಿ. ಒಟ್ಟು 150 ರಬ್ಬರುಗಳ ಪಂದ್ಯ; ಪತ್ರಿಕೆಗಳು ಪ್ರತಿದಿನ ವರದಿ ಮಾಡಿದವು. ಮುಂದೆ ನೇಟೋ ಪಡೆಗಳ ಮಹಾದಂಡನಾಯಕರಾದ ಆಲ್ಫ್ರೆಡ್ ಗ್ರುಯೆಂಥರ್ ಆಗ ಯುವ ಲೆಫ್ಟಿನೆಂಟ್. ಅವರೇ ಮುಖ್ಯ ತೀರ್ಪುಗಾರರು.

ಲೆಂಜ್ ಮತ್ತು ಜಾಕೋಬಿ ಬಿಡಿಬಿಡಿಯಾಗಿ ಶ್ರೇಷ್ಠ ಆಟಗಾರರೇ. ಆದರೆ ಜಾಕೋಬಿಗೆ ಕೈಯಲ್ಲಿಲ್ಲದ್ದನ್ನು ಇದೆಯೆಂದು ಹೇಳಿ ಎದುರಾಳಿಯನ್ನು ದಾರಿತಪ್ಪಿಸುವ ಬಿಡ್‌ಗಳ ಮೋಹ. ಅದರಿಂದ ಎದುರಾಳಿಗಳೊಡನೆ ಲೆಂಜ್ ಕೂಡ ದಾರಿ ತಪ್ಪುತ್ತಿದ್ದರು. ಲೆಂಜ್ ಎಲ್ಲರೆದುರು ಜೊತೆಗಾರನನ್ನು ಆಕ್ಷೇಪಿಸಿದರು. 103 ರಬ್ಬರುಗಳಾದ ಮೇಲೆ ಜಾಕೋಬಿ ಪಂದ್ಯವನ್ನೇ ತೊರೆದು ಹೊರನಡೆದರು. ಅವರ ಸ್ಥಾನಕ್ಕೆ ಬೇರೊಬ್ಬರು ಬಂದರು. 1932ರ ಜನವರಿಯಲ್ಲಿ ಪಂದ್ಯ ಮುಗಿದಾಗ ಕಲ್ಬರ್ಟ್‌ಸನ್ ಪಕ್ಷ 8,980 ಅಂಕಗಳಿಂದ ಗೆದ್ದಿತ್ತು. ಎಲೆಗಳ ಅದೃಷ್ಟದ ಪಾಲೂ ಅದರಲ್ಲಿ ಇದ್ದೀತು. ಆದರೆ ಮೇಜಿನ ಆಚೆ ಈಚೆ ಕುಳಿತ ಇಬ್ಬರು ಪರಸ್ಪರ ಅರ್ಥವಾಗದೆ ಬೇರ್ಪಟ್ಟರೆಂಬುದು ಮಾತ್ರ ಅದೃಷ್ಟದ ಮಾತಲ್ಲ.

ಇನ್ನು ಸ್ವಾರಸ್ಯ ಕೇಳಿ. ಅದೇ ಜಾಕೋಬಿ 1956ರಲ್ಲಿ 'ಬ್ರಿಜ್ ವರ್ಲ್ಡ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಜೊತೆಗಾರ ನೋ ಟ್ರಂಪ್ ಹೇಳಿದಾಗ 'ಎರಡು ಡೈಮಂಡ್' ಎಂದರೆ 'ನನ್ನಲ್ಲಿ ಐದು ಹಾರ್ಟ್ ಇವೆ, ನೀನು ಎರಡು ಹಾರ್ಟ್ ಹೇಳು' ಎಂದರ್ಥ. 'ಎರಡು ಹಾರ್ಟ್' ಎಂದರೆ ಹಾಗೆಯೇ ಸ್ಪೇಡ್. ಇದರಿಂದ ಬಲವಾದ ಕೈ ಮೇಜಿನ ಮೇಲೆ ಬೀಳದೆ ಗುಟ್ಟಾಗಿ ಉಳಿಯುತ್ತದೆ. ದುರ್ಬಲ ಕೈಯವನಿಗೂ ಮತ್ತೊಮ್ಮೆ ಮಾತಾಡುವ ಅವಕಾಶ ದೊರೆಯುತ್ತದೆ. ಸ್ವೀಡನ್ನಿನ ಓಲ್ಲೆ ವಿಲ್ನರ್ ಈ ವಿಚಾರವನ್ನು ಅದಕ್ಕೂ ಮೊದಲೇ ಬರೆದಿದ್ದರು. ಆದರೆ ಲೋಕದಲ್ಲಿ ನಿಂತದ್ದು ಜಾಕೋಬಿಯ ಹೆಸರು. ನನ್ನ ಜೊತೆಗಾರರು ಅಂದು ಆಡಿದ ಮಾತು ಇದೇ. ಒಪ್ಪಂದವಿಲ್ಲದೆ ಪಂದ್ಯದಿಂದ ಎದ್ದುಹೋದ ಮನುಷ್ಯನ ಹೆಸರೇ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಒಂದು ಒಪ್ಪಂದಕ್ಕಿದೆ!

ಈ ಆಟದ ಇನ್ನೊಂದು ಪ್ರಸಿದ್ಧ ಒಪ್ಪಂದವೂ ಜೋಡಿಯೊಂದರ ಕೂಸು. ನೋ ಟ್ರಂಪ್ ಮೇಲೆ 'ಎರಡು ಕ್ಲಬ್' ಎಂದು ಹೇಳಿ, ಹಾರ್ಟ್ ಅಥವಾ ಸ್ಪೇಡಿನಲ್ಲಿ ನಾಲ್ಕು ಎಲೆಗಳಿವೆಯೇ ಎಂದು ವಿಚಾರಿಸುವ ಕ್ರಮವನ್ನು ಯೋಚಿಸಿದವರು ಜಾರ್ಜ್ ರಾಪೇ; 1945ರಲ್ಲಿ ಅದನ್ನು ಬರೆದು ಪ್ರಕಟಿಸಿದವರು ಅವರ ಜೊತೆಗಾರ ಸ್ಯಾಮ್ ಸ್ಟೇಮನ್. ಹೆಸರು ಬರೆದವರಿಗೆ ದಕ್ಕಿತು. ಬರೆದಿಡಿ ಎಂದು ನಾನು ನಿಮಗೆ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ!

ಒಪ್ಪಂದವೆಂದರೆ ಗುಟ್ಟಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಜೊತೆಗಾರರ ನಡುವಿನ ಬಿಡ್ ಒಪ್ಪಂದಗಳನ್ನು ಎದುರಾಳಿಗಳು ಕೇಳಿದಾಗ ತಿಳಿಸಲೇಬೇಕು. ಇದು ಆಟದ ಧರ್ಮ. 1975ರಲ್ಲಿ ಬರ್ಮುಡಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಜೊತೆಗಾರರು ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಮೇಜಿನ ಮೇಲೆ ಅಡ್ಡ ತೆರೆ ಹಾಕಲಾಗಿತ್ತು. ಆಗ ಮೇಜಿನ ಕೆಳಗೆ ಕಾಲಿನಿಂದ ಸನ್ನೆ ನಡೆಯುತ್ತಿದೆ ಎಂಬ ಆರೋಪ ಬಂದು, ಅಲ್ಲಿಯೂ ಅಡ್ಡ ಇಡಬೇಕಾಯಿತು. ಬಾಯಿಬಿಟ್ಟು ಹೇಳಲು 38 ಮಾತುಗಳಿದ್ದರೂ ಕಳ್ಳದಾರಿ ಹುಡುಕುವ ಬುದ್ಧಿ ಮನುಷ್ಯನದು.

ಮರುವಾರ ನಾವಿಬ್ಬರೂ ಆಟಕ್ಕೆ ಮುನ್ನ ಒಂದು ಹಾಳೆ ಹಿಡಿದು ಕುಳಿತೆವು. ಎದುರಾಳಿ ಆರಂಭಿಸಿದೊಡನೆ ನಾವು ಹೇಳುವ ಒಂದು ನೋ ಟ್ರಂಪ್‌ಗೆ 15ರಿಂದ 18 ಅಂಕ, ಅವರ ಜಾತಿಯಲ್ಲಿ ತಡೆ ಇರಲೇಬೇಕು. ಇಡೀ ಪೊಟ್ಟಣದಲ್ಲಿರುವುದೇ 40 ಅಂಕ. ಆರಂಭಿಸಿದವರಲ್ಲಿ 12, ನಮ್ಮಲ್ಲಿ 16 ಎಂದರೆ ಉಳಿದ ಇಬ್ಬರಿಗೆ ಸೇರಿ ಸಿಗುವುದು 12. ದುರ್ಬಲ ಕೈಯಲ್ಲಿ ಹೀಗೆ ನುಗ್ಗಿ ಡಬಲ್ ಹೇಳಿಸಿಕೊಂಡರೆ ದಂಡ ತಪ್ಪದು. ಎದುರಾಳಿಯ ಬಿಡ್ ನಂತರ ಇಬ್ಬರು ಪಾಸ್ ಹೇಳಿ ಸರದಿ ನಮಗೆ ಬಂದರೆ ಮಾತ್ರ 11ರಿಂದ 14 ಸಾಕು. ಉತ್ತರದಲ್ಲಿ ಸ್ಟೇಮನ್ ಉಂಟು, ಜಾಕೋಬಿಯ ಟ್ರಾನ್ಸ್‌ಫರ್ ಉಂಟು. ಎದುರಾಳಿಯದೇ ಜಾತಿಗೆ ಟ್ರಾನ್ಸ್‌ಫರ್ ಕೇಳಿದರೆ ಏನರ್ಥ? ಅರ್ಧ ಗಂಟೆ ಚರ್ಚಿಸಿ, ಸದ್ಯಕ್ಕೆ ಆ ಬಿಡ್ ಬಳಸುವುದೇ ಬೇಡವೆಂದು ತೀರ್ಮಾನಿಸಿದೆವು. ಎದುರಾಳಿಯ ಒಂದರ ಮೇಲೆ ಜಿಗಿದು ಹೇಳುವ 'ಎರಡು ನೋ ಟ್ರಂಪ್' ಆಲ್ವಿನ್ ರಾತ್ ಅವರ 1948ರ ಕ್ರಮದಂತೆ ಕೆಳಗಿನ ಎರಡು ಜಾತಿಗಳನ್ನು ತೋರಿಸಲಿ ಎಂದರು ಅವರು. ನನ್ನ ನೆನಪಿನ ಶಕ್ತಿಯನ್ನು ಮುಂದಿಟ್ಟು, ಅದು ಮುಂದಿನ ತಿಂಗಳಿಗಿರಲಿ ಎಂದೆ. ನಕ್ಕು ಒಪ್ಪಿದರು.

ತಪ್ಪು ಯಾರದೆಂಬ ಪ್ರಶ್ನೆಗೆ ಉತ್ತರ ಆ ಹಾಳೆಯೇ. ಅವರ ಬಿಡ್ ಸರಿಯಿತ್ತು, ನನ್ನ ಪಾಸ್ ಕೂಡ ಸರಿಯಿತ್ತು; ಇಬ್ಬರೂ ಕೂಡಿ ಆಡಿದ ಮಾತು ಮಾತ್ರ ಇರಲಿಲ್ಲ. ಇನ್ನೊಬ್ಬರಿಗೆ ಗೊತ್ತಿರುತ್ತದೆ ಎಂದು ನಾವು ಭಾವಿಸಿಕೊಂಡದ್ದು ಒಪ್ಪಂದವಾಗುವುದಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದ ನನ್ನ ಮನೆಯವರಿಗೆ ಇದನ್ನು ಓದಿ ಹೇಳಿದೆ. "ಇದು ತಿಳಿಯಲು ಇಸ್ಪೀಟು ಬೇಕಾಯಿತೇ?" ಎಂದರು.

ಉತ್ತರಿಸಲು ನನ್ನಲ್ಲಿ ಉಳಿದಿದ್ದ ಮಾತು ಒಂದೇ: ಪಾಸ್.