ವಜಾಕ್ಕೆ ಸಕಾರಣ ಯಾವುದು? ಗದಗ ಸೀಮೆಯ ಕಾರ್ಯದರ್ಶಿಗಳು, ಮ್ಯಾನೇಜರರು ಮತ್ತು ಕಾನೂನು

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದಾಗ ಸಹಕಾರಿ ಕಾಯ್ದೆ ಬಂದು ಒಂದೇ ವರ್ಷವಾಗಿತ್ತು. ಆ ಕಾಲದ ಸಂಘಗಳಲ್ಲಿ ಕಾರ್ಯದರ್ಶಿ ಎಂದರೆ ಊರ ಶಾಲೆಯ ಮಾಸ್ತರರು, ಇಲ್ಲವೇ ಕುಲಕರ್ಣಿಯವರು; ಸಂಜೆ ಹೊತ್ತು ಕೂತು ಕೀರ್ದಿ ಬರೆದುಕೊಡುವವರು. ಸಂಬಳ ಇದ್ದರೂ ಹೆಸರಿಗಷ್ಟೇ. ಅವರನ್ನು ಬಿಡಿಸುವುದು ಕಾನೂನಿನ ಪ್ರಶ್ನೆಯೇ ಆಗಿರಲಿಲ್ಲ, ಪಂಚರು ಬೇಡ ಎಂದರೆ ಮುಗಿಯಿತು. ಇಂದು ಅದೇ ಕುರ್ಚಿಯಲ್ಲಿ ಸಂಬಳದ ಮುಖ್ಯ ಕಾರ್ಯನಿರ್ವಾಹಕರಿದ್ದಾರೆ. ಬೆಳೆಸಾಲ, ಗೊಬ್ಬರ, ಠೇವಣಿ, ಪಡಿತರ ಎಲ್ಲವೂ ಅವರ ಸಹಿಯ ಮೇಲೆ ನಡೆಯುತ್ತವೆ. ಅವರನ್ನು ಯಾವ ಕಾರಣಕ್ಕೆ ತೆಗೆಯಬಹುದು, ಯಾವುದಕ್ಕೆ ತೆಗೆಯಬಾರದು ಎಂಬುದು ಮಾತ್ರ ಗದಗ-ಬೆಟಗೇರಿಯಿಂದ ಮುಂಡರಗಿಯವರೆಗೆ ಇನ್ನೂ ಹೆಚ್ಚಿನವರಿಗೆ ಸ್ಪಷ್ಟವಿಲ್ಲ. ಆಡಳಿತ ಮಂಡಳಿಗಳಿಗೂ ಇಲ್ಲ, ಕುರ್ಚಿಯಲ್ಲಿ ಕೂತವರಿಗೂ ಇಲ್ಲ.

ಸಂಘಗಳಿಗಿಂತ ಮೊದಲೂ ಇಲ್ಲಿ ಮ್ಯಾನೇಜರರಿದ್ದರು. ಗದಗಿನ ಹತ್ತಿ ಪೇಟೆಯ ಅಡತಿ ಅಂಗಡಿಗಳಲ್ಲಿ ಅವರನ್ನು ದಿವಾನಜಿ ಎಂದು ಕರೆಯುತ್ತಿದ್ದರು. ಸಾವಕಾರರ ಗೈರುಹಾಜರಿಯಲ್ಲಿ ದರ ಮುರಿಯುವವರು, ಹುಂಡಿ ಬರೆಯುವವರು, ತಿಜೋರಿಯ ಕೀಲಿ ಇಟ್ಟುಕೊಳ್ಳುವವರು ಅವರೇ. ಕರಾರೆಲ್ಲ ಬಾಯಿಮಾತಿನದು. ಆಗ ಈ ಸೀಮೆಗೆಲ್ಲ ಕಾನೂನೂ ಒಂದೇ ಆಗಿರಲಿಲ್ಲ: ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಮುಂಡರಗಿ ಬ್ರಿಟಿಷ್ ಧಾರವಾಡ ಜಿಲ್ಲೆಯಲ್ಲಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದ ಮೇಲೆಯೇ ಈ ಊರುಗಳು ಒಂದೇ ಕಾನೂನಿನ ಕೆಳಗೆ ಬಂದವು.

ಆ ಕಾನೂನಿನ ಬೇರು ಇರುವುದು ಇಂಗ್ಲೆಂಡಿನ ಹಳೆಯ ಒಡೆಯ-ಆಳು ನ್ಯಾಯದಲ್ಲಿ. 1872ರ ಕರಾರು ಕಾಯ್ದೆ ಬಂದ ಮೇಲೂ ನಮ್ಮ ಕೋರ್ಟುಗಳು ನೌಕರಿಯ ವಿಷಯದಲ್ಲಿ ಆ ತೀರ್ಪುಗಳನ್ನೇ ಆಧರಿಸಿದವು. ಅವುಗಳಲ್ಲಿ ಇಂದಿಗೂ ಬದುಕಿರುವುದು 1888ರ ಬೋಸ್ಟನ್ ಡೀಪ್ ಸೀ ಫಿಶಿಂಗ್ ಕಂಪನಿಯ ಪ್ರಕರಣ. ಆ ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರ್ ಹಡಗು ಕಟ್ಟುವವರಿಂದ ಗುಟ್ಟಾಗಿ ಕಮಿಷನ್ ಪಡೆದಿದ್ದ. ಕಂಪನಿಗೆ ಅದು ತಿಳಿದದ್ದು ಅವನನ್ನು ವಜಾ ಮಾಡಿದ ಮೇಲೆ. ಆದರೂ ವಜಾ ಸರಿ ಎಂದು ಕೋರ್ಟು ಹೇಳಿತು: ಕಾರಣ ಆ ದಿನ ಇದ್ದರೆ ಸಾಕು, ಅದು ಒಡೆಯನಿಗೆ ಆಗಲೇ ಗೊತ್ತಿರಬೇಕೆಂದಿಲ್ಲ. ಜಿನ್ನಿಂಗ್ ಕಾರ್ಖಾನೆಯ ಮ್ಯಾನೇಜರ್ ಅಡತಿಯವರಿಂದ ಒಳಗೊಳಗೇ ದಲಾಲಿ ತಿಂದರೆ ಅದೂ ಇದೇ ಸಾಲಿಗೆ ಬರುತ್ತದೆ. ಆಜ್ಞೋಲ್ಲಂಘನೆಯ ವಿಷಯದಲ್ಲಿ ಕೋರ್ಟುಗಳು ಇನ್ನಷ್ಟು ಎಚ್ಚರದಿಂದ ನಡೆದವು. 1959ರ ಲಂಡನ್ ಕ್ರಾನಿಕಲ್ ಪ್ರಕರಣದಲ್ಲಿ, ಒಂದು ಸಲ ಮಾತು ಕೇಳಲಿಲ್ಲ ಎಂಬುದಷ್ಟೇ ಸಾಲದು, ಕರಾರನ್ನೇ ಧಿಕ್ಕರಿಸುವ ಉದ್ದೇಶ ಕಾಣಬೇಕು ಎಂಬ ನಿಲುವು ಬಂತು. ಅಪ್ರಾಮಾಣಿಕತೆ, ಗುಪ್ತ ಲಾಭ, ಬೇಕೆಂದೇ ಮಾಡಿದ ಅವಿಧೇಯತೆ, ಘೋರ ನಿರ್ಲಕ್ಷ್ಯ: ಮೇಲಧಿಕಾರಿಯನ್ನು ನೋಟಿಸಿಲ್ಲದೆ ಕಳಿಸುವ ಕಾರಣಗಳ ಮೂಲ ಪಟ್ಟಿ ಇಷ್ಟೇ.

ಕಾರಣವಿಲ್ಲದೆ ಕಳಿಸಿದರೆ ಏನು ಗತಿ? ಉತ್ತರ ಮ್ಯಾನೇಜರನಿಗೆ ಸಮಾಧಾನ ಕೊಡುವಂಥದ್ದಲ್ಲ. ವೈಯಕ್ತಿಕ ಸೇವೆಯ ಕರಾರನ್ನು ಕೋರ್ಟು ಬಲವಂತದಿಂದ ನಡೆಸುವುದಿಲ್ಲ, ಅಂದರೆ ಮರಳಿ ಕುರ್ಚಿ ಕೊಡಿಸುವುದಿಲ್ಲ. ಪರಿಹಾರ ಹಣದಲ್ಲಿ ಮಾತ್ರ. ಕರಾರಿನಲ್ಲಿ ನೋಟಿಸಿನ ಅವಧಿ ಇದ್ದರೆ ಪರಿಹಾರವೂ ಆ ಅವಧಿಯ ಸಂಬಳಕ್ಕೇ ನಿಲ್ಲುತ್ತದೆ ಎಂದು ಸುಪ್ರೀಂ ಕೋರ್ಟು 1957ರಲ್ಲಿ ಭಾರತ್ ನಿಧಿ ಪ್ರಕರಣದಲ್ಲಿ ಹೇಳಿತು. 1969ರಲ್ಲಿ ಉತ್ತರ ಪ್ರದೇಶದ ಉಗ್ರಾಣ ನಿಗಮದ ಪ್ರಕರಣ ಮೂರು ವಿನಾಯಿತಿಗಳನ್ನು ಗುರುತಿಸಿತು. ಸಂವಿಧಾನದ 311ನೇ ವಿಧಿಯ ರಕ್ಷಣೆಯಿರುವ ಸರಕಾರಿ ನೌಕರ, ಕೈಗಾರಿಕಾ ಕಾನೂನಿನ ಕೆಳಗಿನ ಕಾರ್ಮಿಕ, ಶಾಸನವನ್ನು ಮುರಿದು ನಡೆದುಕೊಂಡ ಶಾಸನಬದ್ಧ ಸಂಸ್ಥೆಯ ನೌಕರ: ಇವರಿಗೆ ಮಾತ್ರ ಕೆಲಸ ಮರಳಿ ಸಿಗಬಹುದು. ನಮ್ಮ ರಾಜ್ಯದ್ದೇ ಪ್ರಕರಣ ಬೇಕೆಂದರೆ ಶಿವಮೊಗ್ಗದ ಪರ್ಲೈಟ್ ಲೈನರ್ಸ್ ಕಂಪನಿಯದಿದೆ. ವರ್ಗಾವಣೆ ಮತ್ತು ವಿಚಾರಣೆಯನ್ನು ಪ್ರಶ್ನಿಸಿ ಅಲ್ಲಿಯ ನೌಕರರೊಬ್ಬರು ಹೂಡಿದ ದಾವೆ ನಿಲ್ಲುವುದಿಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ್ದು ಇದೇ ತತ್ವದ ಮೇಲೆ.

ಈ ನಡುವೆ ಕೆಳಗಿನವರಿಗೆ ಕಾನೂನಿನ ಆಸರೆ ಬೆಳೆಯುತ್ತ ಬಂತು. 1946ರ ಸ್ಥಾಯಿ ಆದೇಶಗಳ ಕಾಯ್ದೆ ದುರ್ನಡತೆ ಎಂದರೆ ಏನೇನು ಎಂಬುದನ್ನು ಬರಹಕ್ಕಿಳಿಸಿತು: ಕಳವು, ಮೋಸ, ಲಂಚ, ಬೇಕೆಂದೇ ಅವಿಧೇಯತೆ, ರಜೆಯಿಲ್ಲದೆ ಮತ್ತೆ ಮತ್ತೆ ಗೈರುಹಾಜರಿ. 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಕಾರ್ಮಿಕ ನ್ಯಾಯಾಲಯದ ಬಾಗಿಲು ತೆರೆಯಿತು. ಕರ್ನಾಟಕ 1988ರಲ್ಲಿ ತಿದ್ದುಪಡಿ ತಂದು, ವಜಾ ಆದ ಕಾರ್ಮಿಕ ಸರಕಾರದ ಶಿಫಾರಸಿಗೆ ಕಾಯದೆ ಆರು ತಿಂಗಳೊಳಗೆ ನೇರವಾಗಿ ಅಲ್ಲಿಗೆ ಹೋಗಲು ದಾರಿ ಮಾಡಿಕೊಟ್ಟಿತು. ಆದರೆ ಮುಖ್ಯವಾಗಿ ಆಡಳಿತ ನಡೆಸುವವರು ಈ ಕಾಯ್ದೆಯ ಕಾರ್ಮಿಕರಾಗಿರಲಿಲ್ಲ. ಮೇಲ್ವಿಚಾರಕರ ಸಂಬಳದ ಮಿತಿ 500 ರೂಪಾಯಿಯಿಂದ 1,600ಕ್ಕೆ, 2010ರಲ್ಲಿ 10,000ಕ್ಕೆ ಏರಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಅದು 18,000. ಮ್ಯಾನೇಜರ್ ಮಾತ್ರ ಆಗಲೂ ಹೊರಗೆ, ಈಗಲೂ ಹೊರಗೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ, ಆರು ತಿಂಗಳು ದುಡಿದ ನೌಕರನನ್ನು ಸಕಾರಣ ಮತ್ತು ಒಂದು ತಿಂಗಳ ನೋಟಿಸಿಲ್ಲದೆ ತೆಗೆಯಬಾರದು ಎನ್ನುತ್ತದೆ. ಆ ಕಾಯ್ದೆಯೂ ಆಡಳಿತದ ಹುದ್ದೆಯಲ್ಲಿರುವವರನ್ನು ಹೊರಗಿಟ್ಟಿದೆ. ಲಕ್ಷ್ಮೇಶ್ವರದ ಒಂದು ಖಾಸಗಿ ಹೈಸ್ಕೂಲಿನ ಹೆಡ್‌ಮಾಸ್ತರರನ್ನೂ ಅದೇ ಊರಿನ ಒಂದು ಗಿರಣಿಯ ಜನರಲ್ ಮ್ಯಾನೇಜರರನ್ನೂ ಪಕ್ಕದಲ್ಲಿಟ್ಟು ನೋಡಿ. ಹೆಡ್‌ಮಾಸ್ತರರನ್ನು ವಿಚಾರಣೆ ಇಲ್ಲದೆ ವಜಾ ಮಾಡುವಂತಿಲ್ಲ. ಮಾಡಿದರೆ ಶೈಕ್ಷಣಿಕ ಮೇಲ್ಮನವಿ ನ್ಯಾಯಾಧಿಕರಣವಿದೆ. 1975ರ ಕಾಯ್ದೆ ಆ ರಕ್ಷಣೆ ಕೊಟ್ಟಿತು, 1995ರಲ್ಲಿ ಜಾರಿಯಾದ ಶಿಕ್ಷಣ ಕಾಯ್ದೆಯ 92 ಮತ್ತು 94ನೇ ಕಲಂಗಳು ಅದನ್ನು ಮುಂದುವರಿಸಿದವು. ಗಿರಣಿಯ ಮ್ಯಾನೇಜರರಿಗೆ ಇರುವುದು ನೇಮಕಾತಿ ಪತ್ರ ಒಂದೇ.

ಸಹಕಾರಿ ಸಂಘಗಳ ದಾರಿ ಮಾತ್ರ ಬೇರೆ, ಮತ್ತು ಗದಗ ಸೀಮೆಗೆ ಅದೇ ಮುಖ್ಯ. ಕಣಗಿನಹಾಳದ ಸಂಘದಿಂದ ಹತ್ತಿ ಮಾರಾಟ ಸಂಘಗಳವರೆಗೆ, ಕೆ.ಎಚ್. ಪಾಟೀಲರ ಹುಲಕೋಟಿಯ ಸಹಕಾರಿ ಸಂಸ್ಥೆಗಳವರೆಗೆ ಇಲ್ಲಿಯ ದುಡ್ಡಿನ ದೊಡ್ಡ ಪಾಲು ಹರಿದದ್ದು ಸಂಘಗಳ ಮೂಲಕ. ಮೊದಲಿನ ಕಾನೂನುಗಳು ಸಂಘದ ವ್ಯವಹಾರಕ್ಕೆ ಸಂಬಂಧಿಸಿದ ವಿವಾದಗಳನ್ನು ನಿಬಂಧಕರ ಮುಂದೆ ತರಬಹುದು ಎಂದಿದ್ದವು. ನೌಕರನ ವಜಾ ಸಂಘದ ವ್ಯವಹಾರವೇ? ಅಲ್ಲ ಎಂದು 1969ರಲ್ಲಿ ಹೈದರಾಬಾದಿನ ಸಹಕಾರಿ ಕೇಂದ್ರ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕರ್ನಾಟಕ 1976ರಲ್ಲಿ ತನ್ನ 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿಗೆ ನೌಕರರ ವಿವಾದವನ್ನು ಸೇರಿಸಿತು. ರಾಷ್ಟ್ರಪತಿಗಳ ಅಂಕಿತದೊಂದಿಗೆ, ಶಿಸ್ತುಕ್ರಮವನ್ನೂ ಹೆಸರಿಸಿ, ಕೈಗಾರಿಕಾ ವಿವಾದಗಳ ಕಾಯ್ದೆಯನ್ನು ಬದಿಗಿಟ್ಟು ಅದು ಗಟ್ಟಿಯಾದದ್ದು 2000ದ ಜೂನ್ 20ರಿಂದ. ವಿಜಾಪುರ ಸಹಕಾರಿ ಹಾಲು ಒಕ್ಕೂಟದ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟು ಈ ದಿನಾಂಕವನ್ನೇ ಗೆರೆಯಾಗಿ ಹಿಡಿಯಿತು. ಕಾರ್ಮಿಕರ ಪಾಲಿಗೆ ಇದು ಒಂದು ಬಾಗಿಲು ಮುಚ್ಚಿದಂತಾಯಿತು. ಕಾರ್ಯದರ್ಶಿ, ಮ್ಯಾನೇಜರರ ಪಾಲಿಗೆ ಮೊದಲ ಸಲ ಒಂದು ಬಾಗಿಲು ತೆರೆಯಿತು. ಕಾರ್ಮಿಕ ಹೌದೋ ಅಲ್ಲವೋ ಎಂಬ ಜಗಳವಿಲ್ಲದೆ ನಿಬಂಧಕರ ಮುಂದೆ ವಿವಾದ ಹೂಡಬಹುದು, ಅಲ್ಲಿಂದ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಹೈಕೋರ್ಟಿನ ಪೀಠ 2008ರಲ್ಲಿ ಸಂಚಾರಿಯಾಗಿ, 2013ರಲ್ಲಿ ಕಾಯಂ ಆಗಿ ಧಾರವಾಡಕ್ಕೆ ಬಂದದ್ದೂ ಗದಗಿನವರಿಗೆ ಸಣ್ಣ ಉಪಕಾರವಲ್ಲ. ಒಂದೊಂದು ತಾರೀಖಿಗೂ ಬೆಂಗಳೂರಿನ ರಾತ್ರಿ ಬಸ್ಸು ಹಿಡಿಯುವುದು ತಪ್ಪಿತು.

ಇನ್ನು ಕಾರಣಗಳ ಒಳಹೊಕ್ಕು ನೋಡೋಣ. ಮುಂಡರಗಿ ಕಡೆಯ ಒಂದು ಸಂಘವೆಂದೇ ಇಟ್ಟುಕೊಳ್ಳಿ. ಮುಂಗಾರು ಹದವಾಗಿದೆ, ಹೆಸರು, ಶೇಂಗಾ ಬಿತ್ತುವವರು ಗೋದಾಮಿನ ಮುಂದೆ ನಿಂತಿದ್ದಾರೆ. ಉದ್ರಿ ಕೊಡಬಾರದು ಎಂದು ಮಂಡಳಿಯ ಠರಾವಿದೆ. ಕಾರ್ಯದರ್ಶಿ ಪರಿಚಯದ ರೈತರಿಗೆ ಐವತ್ತು ಚೀಲ ಗೊಬ್ಬರ ಉದ್ರಿ ಕೊಟ್ಟು, ಚೀಟಿಯಲ್ಲಿ ಬರೆದಿಟ್ಟುಕೊಂಡು, ಸ್ಟಾಕು ಪುಸ್ತಕದಲ್ಲಿ ಖರ್ಚು ಹಾಕಲಿಲ್ಲ. ಆಡಿಟರ್ ಬಂದಾಗ ಪುಸ್ತಕಕ್ಕೂ ಗೋದಾಮಿಗೂ ತಾಳೆಯಾಗಲಿಲ್ಲ. ಸುಗ್ಗಿಯ ಮೇಲೆ ದುಡ್ಡೆಲ್ಲ ವಸೂಲಾಯಿತು, ಸಂಘಕ್ಕೆ ಪೈಸೆ ನಷ್ಟವಿಲ್ಲ. ಇದು ವಜಾಕ್ಕೆ ಕಾರಣವೇ? ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಮ್ಯಾನೇಜರರೊಬ್ಬರು ಮಿತಿ ಮೀರಿ ಸಾಲ ಕೊಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಕೊಟ್ಟ ಉತ್ತರ ಖಚಿತವಾಗಿದೆ: ಕೊಟ್ಟ ಅಧಿಕಾರವನ್ನು ಮೀರುವುದೇ ದುರ್ನಡತೆ, ನಷ್ಟವಾಗಿದೆಯೆಂದು ತೋರಿಸಬೇಕಿಲ್ಲ. 2001ರಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಕಂಡಕ್ಟರರೊಬ್ಬರ ಪ್ರಕರಣದಲ್ಲಿ ಅದೇ ಕೋರ್ಟು, ದುಡ್ಡಿನ ಹೊಣೆಯಿರುವ ಕೆಲಸದಲ್ಲಿ ಅಪ್ರಾಮಾಣಿಕತೆ ಸಾಬೀತಾದರೆ ಕರುಣೆಗೆ ಎಡೆಯಿಲ್ಲ ಎಂದಿತು. ಕಂಡಕ್ಟರನಿಗೆ ಸಲ್ಲುವುದು ಮ್ಯಾನೇಜರನಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಆದರೆ ಈ ಕಾರ್ಯದರ್ಶಿ ತಾನು ತಿಂದವನಲ್ಲ. ಠರಾವು ಮೀರಿದ್ದು ದುರ್ನಡತೆ ನಿಜ. ಶಿಕ್ಷೆ ಎಷ್ಟು ಎಂಬುದು ಬೇರೆ ಪ್ರಶ್ನೆ, ಅಲ್ಲಿ ತಪ್ಪಿಗೂ ಶಿಕ್ಷೆಗೂ ಹೊಂದಿಕೆ ಇರಬೇಕು. ಬಡ್ತಿ ತಡೆದು, ವೇತನ ಇಳಿಸಿ ಮುಗಿಸಬಹುದಾದುದಕ್ಕೆ ಜೀವನಾಧಾರವನ್ನೇ ಕಿತ್ತುಕೊಳ್ಳುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಇದರ ಪಕ್ಕದಲ್ಲಿ 1979ರ ಇನ್ನೊಂದು ತೀರ್ಪನ್ನು ಇಡಬೇಕು. ಅಸ್ಸಾಮಿನ ಜಿಲ್ಲಾಧಿಕಾರಿಯೊಬ್ಬರು ಗಲಭೆಯನ್ನು ತಡೆಯುವಲ್ಲಿ ವಿಫಲರಾದರೆಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಸಮರ್ಥತೆಗೂ ದುರ್ನಡತೆಗೂ ನಡುವೆ ಗೆರೆ ಎಳೆಯಿತು. ದಕ್ಷತೆ ಕಡಿಮೆಯಾಯಿತು, ಮುಂದಾಲೋಚನೆ ಸಾಲಲಿಲ್ಲ ಎಂಬುದು ತನ್ನಷ್ಟಕ್ಕೆ ದುರ್ನಡತೆಯಲ್ಲ. ನಮ್ಮ ಆಡಳಿತ ಮಂಡಳಿಗಳು ಓದಲೇಬೇಕಾದ ತೀರ್ಪು ಇದು. ಬರಗಾಲದ ವರ್ಷ ವಸೂಲಿ ಇಳಿದರೆ, ಉಳ್ಳಾಗಡ್ಡಿ ದರ ಬಿದ್ದು ಸಾಲ ಸುಸ್ತಿಯಾದರೆ ಅದಕ್ಕೆ ಕಾರ್ಯದರ್ಶಿಯ ಮೇಲೆ ದೋಷಾರೋಪಣ ಪಟ್ಟಿ ಹೊರಿಸುವುದು ಕಾನೂನಿಗೂ ಒಪ್ಪದು.

ಮಂಡಳಿಯ ಚುನಾವಣೆಯಾಗಿ ಪ್ಯಾನೆಲ್ ಬದಲಾದ ಮೇಲೆ ಹಳೆಯ ಕಾರ್ಯದರ್ಶಿ ಬೇಡವಾಗುವ ರೂಢಿ ಇನ್ನೂ ಕೆಟ್ಟದ್ದು. ಅಂಥ ಆದೇಶಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾತು ಮಂಡಳಿ ವಿಶ್ವಾಸ ಕಳೆದುಕೊಂಡಿದೆ ಎಂಬುದು. ಘಟನೆಯ ಆಧಾರವಿಲ್ಲದ ಅವಿಶ್ವಾಸ ಬರೀ ಮುನಿಸು. ಯಾವ ಕಾರಣವನ್ನೂ ಕೊಡದೆ ಮೂರು ತಿಂಗಳ ನೋಟಿಸಿನ ಮೇಲೆ ಅಧಿಕಾರಿಯನ್ನು ಕಳಿಸಬಹುದು ಎಂಬ ನಿಯಮವನ್ನು ಸುಪ್ರೀಂ ಕೋರ್ಟು 1986ರಲ್ಲಿ ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ನಿಗಮದ ಪ್ರಕರಣದಲ್ಲಿ ಹೊಡೆದುಹಾಕಿತು. 1990ರಲ್ಲಿ ದೆಹಲಿ ಸಾರಿಗೆ ನಿಗಮದ ಪ್ರಕರಣದಲ್ಲಿ ಅದೇ ನಿಲುವನ್ನು ಎತ್ತಿಹಿಡಿಯಿತು. ಆದರೆ ಅವು ಸರಕಾರದ ಸಂಸ್ಥೆಗಳು. ಸಾಮಾನ್ಯ ಸಹಕಾರಿ ಸಂಘ ಸರಕಾರದ ಅಂಗವಲ್ಲ ಎಂದು 2013ರಲ್ಲಿ ಕೇರಳದ ತಲಪ್ಪಾಲಂ ಪ್ರಕರಣದಲ್ಲಿ ತೀರ್ಮಾನವಾಗಿದೆ. ಹಾಗಾಗಿ ಆ ರಕ್ಷಣೆ ನಮ್ಮ ಸಂಘಗಳ ಕಾರ್ಯದರ್ಶಿಗಳವರೆಗೆ ನೇರವಾಗಿ ಇಳಿದು ಬರುವುದಿಲ್ಲ. ಈ ಕೊರತೆಯನ್ನು ಶಾಸನಸಭೆಯೇ ತುಂಬಬೇಕು.

ಕಂಪನಿಗಳಲ್ಲಿ ದಾರಿ ನೇರ. 2013ರ ಕಂಪನಿ ಕಾಯ್ದೆಯ 169ನೇ ಕಲಮಿನಂತೆ ನಿರ್ದೇಶಕರನ್ನು ಸದಸ್ಯರು ಸಾಮಾನ್ಯ ಠರಾವಿನಿಂದ ತೆಗೆಯಬಹುದು. ಅವಧಿಗೆ ಮುಂಚೆ ಹೋಗಬೇಕಾದ ಮ್ಯಾನೇಜಿಂಗ್ ಡೈರೆಕ್ಟರಿಗೆ 202ನೇ ಕಲಂ ಪರಿಹಾರಕ್ಕೆ ಎಡೆ ಮಾಡುತ್ತದೆ. ಉಳಿದ ಅವಧಿ ಅಥವಾ ಮೂರು ವರ್ಷ, ಯಾವುದು ಕಡಿಮೆಯೋ ಅಷ್ಟರ ಸಂಬಳವನ್ನು ಮೀರುವಂತಿಲ್ಲ. ಮೋಸ, ವಿಶ್ವಾಸದ್ರೋಹ, ಘೋರ ನಿರ್ಲಕ್ಷ್ಯ, ಘೋರ ದುರಾಡಳಿತ ಇದ್ದರೆ ಅದೂ ಇಲ್ಲ. ಅರ್ಬನ್ ಸಹಕಾರಿ ಬ್ಯಾಂಕುಗಳಲ್ಲಿ 2020ರ ತಿದ್ದುಪಡಿಯ ನಂತರ ಮ್ಯಾನೇಜಿಂಗ್ ಡೈರೆಕ್ಟರರನ್ನು ನೇಮಿಸಲೂ ತೆಗೆಯಲೂ ರಿಸರ್ವ್ ಬ್ಯಾಂಕಿನ ಮುಂಗಡ ಒಪ್ಪಿಗೆ ಬೇಕು. ಊರ ರಾಜಕಾರಣ ಬ್ಯಾಂಕಿನೊಳಗೆ ಬರದಂತೆ ತಡೆಯಲು ಇದಕ್ಕಿಂತ ಒಳ್ಳೆಯ ಕ್ರಮ ಇತ್ತೀಚೆಗೆ ಬಂದಿಲ್ಲ.

ಕಾರಣಗಳ ಪಟ್ಟಿಗೆ ಹೊಸದಾಗಿ ಸೇರಿದ ಮುಖ್ಯ ಸಂಗತಿ ಲೈಂಗಿಕ ಕಿರುಕುಳ. 1997ರ ವಿಶಾಖಾ ತೀರ್ಪಿನಿಂದ ಮೊದಲಾಗಿ 2013ರ ಕಾಯ್ದೆ ಅದನ್ನು ಸೇವಾ ದುರ್ನಡತೆ ಎಂದೇ ಪರಿಗಣಿಸಬೇಕೆಂದಿತು. ದೂರು ಮ್ಯಾನೇಜರನ ಮೇಲೆಯೇ ಇದ್ದರೂ ಮುಚ್ಚಿಡುವಂತಿಲ್ಲ. ಇನ್ನೊಂದು ಎಚ್ಚರಿಕೆ ಗ್ರ್ಯಾಚುಯಿಟಿಯದು: ನೈತಿಕ ಅಧಃಪತನದ ಕೃತ್ಯಕ್ಕಾಗಿ ವಜಾ ಆದವರ ಗ್ರ್ಯಾಚುಯಿಟಿ ತಡೆಯಲು ಕ್ರಿಮಿನಲ್ ಕೋರ್ಟಿನ ಶಿಕ್ಷೆ ಆಗಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2025ರ ಫೆಬ್ರುವರಿಯಲ್ಲಿ ಹೇಳಿದೆ. ವಿಚಾರಣೆಯ ವರದಿ ಒಂದರ ಮೇಲೆಯೇ ಜೀವಮಾನದ ಗಳಿಕೆ ಹೋಗಬಹುದು. ಹಾಗಾಗಿ ಕಾರಣ ಕೇಳುವ ನೋಟಿಸು, ದೋಷಾರೋಪಣ ಪಟ್ಟಿ, ಸಾಕ್ಷಿಗಳ ಪಾಟೀಸವಾಲು, ವರದಿಯ ಪ್ರತಿ, ಯಾವುದನ್ನೂ ಕಾಟಾಚಾರಕ್ಕೆ ಮಾಡಬಾರದು.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಸಭೆಯಲ್ಲಿ ಒಂದು ಠರಾವು ಮಾಡಿ, ಯಾವ ಯಾವ ಕಾರಣಕ್ಕೆ ವಜಾ, ಯಾರು ವಿಚಾರಣೆ ಮಾಡಬೇಕು, ನೋಟಿಸು ಎಷ್ಟು ತಿಂಗಳು ಎಂಬುದನ್ನು ನೇಮಕಾತಿ ಪತ್ರದಲ್ಲೇ ಬರೆಸಿ. ಈಗಾಗಲೇ ಆ ಕುರ್ಚಿಯಲ್ಲಿ ಕೂತಿರುವವರು ನಿಮ್ಮ ಪತ್ರ ಹೊರತೆಗೆದು ಸೇವೆ ಮುಕ್ತಾಯದ ಸಾಲನ್ನು ಓದಿಕೊಳ್ಳಿ. ಕಾರಣ ಕೊಡದೆ ತೆಗೆಯಬಹುದು ಎಂದು ಅಲ್ಲಿದ್ದರೆ, ಮಂಡಳಿ ನಿಮ್ಮೊಂದಿಗೆ ಚೆನ್ನಾಗಿರುವಾಗಲೇ ಅದನ್ನು ಬದಲಿಸಲು ಅರ್ಜಿ ಕೊಡಿ.